ಎರಡು ತಾಸಿನ ವ್ಯಾಯಾಮಕ್ಕಿಂತ ಮೊದಲು ಅವನ ಊಟ, ನಿಮ್ಮ ಬೆನ್ನು

ಪ್ರಶ್ನೆ: ನಮ್ಮದು ಕುಮಟಾ ತಾಲೂಕಿನ ಕಡಲಂಚಿನ ಹಳ್ಳಿ. ಮಗನಿಗೆ ಏಳು ವರ್ಷ. ಹುಟ್ಟಿದಾಗ ತಡವಾಗಿ ಅತ್ತ, ಹಲವು ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಆಮೇಲೆ ಸೆರೆಬ್ರಲ್ ಪಾಲ್ಸಿ ಎಂದು ಹೇಳಿದರು. ಈಗಲೂ ತಾನಾಗಿ ಕೂರುವುದಿಲ್ಲ, ಕುತ್ತಿಗೆ ಸ್ವಲ್ಪ ಹೊತ್ತು ಮಾತ್ರ ನಿಲ್ಲುತ್ತದೆ. ಮಾತಿಲ್ಲ, ಆದರೆ ನಾವು ಹೇಳಿದ್ದು ಅರ್ಥವಾಗುತ್ತದೆ. ಫಿಟ್ಸ್‌ಗೆ ಔಷಧ ಕೊಡುತ್ತಿದ್ದೇವೆ. ತೂಕ 12 ಕಿಲೋ. ಒಂದು ಹೊತ್ತು ಗಂಜಿ ಉಣಿಸಲು ಒಂದು ತಾಸು ಬೇಕು. ದಿನಕ್ಕೆ ಎರಡು ತಾಸು ವ್ಯಾಯಾಮ ಮಾಡಿಸಲು ಹೇಳಿದ್ದಾರೆ, ನನ್ನಿಂದ ಆಗುತ್ತಿಲ್ಲ. ಗಂಡ ಬೋಟಿಗೆ ಹೋಗುತ್ತಾರೆ. ಬಸುರಿಯಲ್ಲಿ ಗ್ರಹಣದ ದಿನ ಹೊರಗೆ ಬಂದದ್ದಕ್ಕೇ ಹೀಗಾಯಿತು ಎಂದು ಅತ್ತೆ ಹೇಳುತ್ತಾರೆ. ಮಗಳು ಆರನೇ ತರಗತಿ, ನನಗೆ ಸಹಾಯ ಮಾಡಲು ಆಗಾಗ ಶಾಲೆ ಬಿಡುತ್ತಾಳೆ. ನನ್ನ ಸೊಂಟ ಹಿಡಿದುಕೊಂಡಿದೆ. ನಾನು ವ್ಯಾಯಾಮ ತಪ್ಪಿಸಿದ್ದಕ್ಕೇ ಅವನು ನಡೆಯುತ್ತಿಲ್ಲವೇ? ದಿನವನ್ನು ಹೇಗೆ ನಡೆಸಲಿ?

ಉತ್ತರ: ನಿಮ್ಮನ್ನು ಹೆಚ್ಚು ಸುಡುತ್ತಿರುವ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಇಲ್ಲ, ನೀವು ವ್ಯಾಯಾಮ ತಪ್ಪಿಸಿದ್ದರಿಂದ ಅವನು ನಡೆಯದೆ ಉಳಿದಿಲ್ಲ. ಸೆರೆಬ್ರಲ್ ಪಾಲ್ಸಿ ಎಂದರೆ ಬೆಳೆಯುತ್ತಿರುವ ಮೆದುಳಿಗೆ ಗರ್ಭದಲ್ಲಿ, ಹೆರಿಗೆಯ ಹೊತ್ತಿನಲ್ಲಿ ಅಥವಾ ಹುಟ್ಟಿದ ಹೊಸತರಲ್ಲಿ ಬಿದ್ದ ಪೆಟ್ಟಿನಿಂದ ಮೈಯ ಚಲನೆಗೂ ಭಂಗಿಗೂ ಬರುವ ತೊಂದರೆ. ಆ ಪೆಟ್ಟು ಎಷ್ಟು ದೊಡ್ಡದು, ಮೆದುಳಿನ ಯಾವ ಭಾಗಕ್ಕೆ ಬಿತ್ತು ಎಂಬುದೇ ಮಗು ಎಷ್ಟು ಚಲಿಸಬಲ್ಲದು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಎರಡು ವರ್ಷದೊಳಗೆ ಆಸರೆಯಿಲ್ಲದೆ ಕೂರುವ ಮಕ್ಕಳಲ್ಲಿ ಹೆಚ್ಚಿನವರು ಮುಂದೆ ನಡೆಯುತ್ತಾರೆ. ನಾಲ್ಕು ವರ್ಷ ದಾಟಿದರೂ ಕೂರಲಾಗದ ಮಕ್ಕಳು ಸ್ವತಂತ್ರವಾಗಿ ನಡೆಯುವುದು ತೀರ ಅಪರೂಪ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಮಗ ತಾನಾಗಿ ನಡೆಯುತ್ತಾನೆ ಎಂದು ನಾನು ಹೇಳಲಾರೆ. ಈ ಮಾತನ್ನು ಕೆಲವು ವರ್ಷಗಳ ಹಿಂದೆಯೇ ಯಾರಾದರೂ ನಿಮ್ಮ ಪಕ್ಕದಲ್ಲಿ ಕುಳಿತು, ಸಮಯ ಕೊಟ್ಟು ಹೇಳಬೇಕಾಗಿತ್ತು. ಅದನ್ನು ಹೇಳದೆ ವ್ಯಾಯಾಮದ ಚೀಟಿ ಮಾತ್ರ ಕೈಗಿಟ್ಟು ಕಳಿಸಿದರೆ, ಮಗು ನಡೆಯದ ಪ್ರತಿಯೊಂದು ದಿನವೂ ತಾಯಿಯ ಲೆಕ್ಕಕ್ಕೆ ಬೀಳುತ್ತದೆ. ಇದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಗ್ರಹಣದ ಮಾತಿಗೂ ಇಲ್ಲೇ ಉತ್ತರಿಸಿಬಿಡುತ್ತೇನೆ. ಅವಧಿಗೆ ಮೊದಲೇ ಹುಟ್ಟುವುದು, ಹೆರಿಗೆಯಲ್ಲಿ ಮೆದುಳಿಗೆ ಆಮ್ಲಜನಕ ಸಾಲದಿರುವುದು, ಹುಟ್ಟಿದ ಮೊದಲ ದಿನಗಳ ತೀವ್ರ ಕಾಮಾಲೆ, ಮೆದುಳಿನ ಸೋಂಕು ಇವು ಕಾರಣಗಳು. ತಡವಾಗಿ ಅತ್ತ ಎಂದು ನೀವೇ ಬರೆದಿದ್ದೀರಿ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ, ನೀವು ತಿಂದದ್ದಕ್ಕೂ ಬಿಟ್ಟದ್ದಕ್ಕೂ ಇಲ್ಲ. ಅತ್ತೆಯವರ ಜೊತೆ ವಾದಕ್ಕೆ ಇಳಿಯಬೇಡಿ. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಕಾರಣವನ್ನು ವೈದ್ಯರ ಬಾಯಿಂದಲೇ ಅವರಿಗೆ ಹೇಳಿಸಿ. ಸೊಸೆಯ ಮಾತಿಗೆ ಬಗ್ಗದ ಹಿರಿಯರು ಡಾಕ್ಟರ ಮಾತಿಗೆ ಬಗ್ಗುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹರಕೆ ಹೊತ್ತುಕೊಂಡಿದ್ದರೆ ತೀರಿಸಿ, ಇಡಗುಂಜಿಗೂ ಹೋಗಿ ಬನ್ನಿ, ಅದರಿಂದ ಮನಸ್ಸಿಗೆ ಸಮಾಧಾನವಾದರೆ ಒಳ್ಳೆಯದೇ. ಆದರೆ ಸ್ಟೆಮ್ ಸೆಲ್ ಚಿಕಿತ್ಸೆಯಿಂದ ನಡೆಸುತ್ತೇವೆ ಎಂದು ಲಕ್ಷಗಟ್ಟಲೆ ಕೇಳುವವರ ಬಳಿ ಹೋಗಬೇಡಿ. ಸೆರೆಬ್ರಲ್ ಪಾಲ್ಸಿಗೆ ಅದು ಇನ್ನೂ ಸಂಶೋಧನೆಯ ಹಂತದಲ್ಲಿದೆ, ಹಣ ಪಡೆದು ಮಾಡುವ ಚಿಕಿತ್ಸೆಯಾಗಿ ಅದಕ್ಕೆ ಒಪ್ಪಿಗೆಯಿಲ್ಲ.

ಇನ್ನು ನಿಮ್ಮ ದಿನದ ವಿಷಯ. ಎರಡು ತಾಸಿನ ವ್ಯಾಯಾಮವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಕೈಕಾಲನ್ನು ಕೆಲವು ನಿಮಿಷ ಎಳೆದು ಹಿಡಿದು ಬಿಡುವುದರಿಂದ ಬಿಗಿಯಾದ ಸ್ನಾಯುಗಳಿಗೆ ಸಿಗುವ ಲಾಭ ಬಹಳ ಕಡಿಮೆ. ಮಗು ದಿನದಲ್ಲಿ ತಾಸುಗಟ್ಟಲೆ ಯಾವ ಭಂಗಿಯಲ್ಲಿ ಇರುತ್ತದೆ ಎಂಬುದು ಅದಕ್ಕಿಂತ ಎಷ್ಟೋ ಮುಖ್ಯ. ಉಣಿಸುವುದು, ಮೀಯಿಸುವುದು, ಬಟ್ಟೆ ಹಾಕುವುದು, ಎತ್ತುವುದನ್ನು ನೀವು ಹೇಗೂ ಮಾಡುತ್ತೀರಿ. ಇವನ್ನೇ ಸರಿಯಾದ ಕ್ರಮದಲ್ಲಿ ಮಾಡಿದರೆ ಚಿಕಿತ್ಸೆಯ ಬಹುಪಾಲು ಅದರಲ್ಲೇ ಆಗುತ್ತದೆ, ಬೇರೆ ಹೊತ್ತು ಹುಡುಕಬೇಕಾಗಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಅವನ ತೂಕ ಮತ್ತು ಊಟಕ್ಕೆ ಹಿಡಿಯುವ ಒಂದು ತಾಸು. ಏಳು ವರ್ಷದ ಹುಡುಗನ ಸರಾಸರಿ ತೂಕ 22 ಕಿಲೋದ ಆಸುಪಾಸು ಇರುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು ಸ್ವಲ್ಪ ಸಣ್ಣಗಿರುವುದು ಸಹಜ, ಆದರೂ 12 ಕಿಲೋ ಎಂದರೆ ಅವನ ಹೊಟ್ಟೆಗೆ ಸಾಲುತ್ತಿಲ್ಲ. ಒಂದು ಊಟ ಅರ್ಧ ತಾಸನ್ನು ಮೀರಿದರೆ ನುಂಗುವುದರಲ್ಲಿ ತೊಂದರೆ ಇದೆ ಎಂದೇ ತಿಳಿಯಬೇಕು. ಆಮೇಲಿನ ಅರ್ಧ ತಾಸಿನಲ್ಲಿ ಮಗು ದಣಿದಿರುತ್ತದೆ, ಒಳಗೆ ಹೋಗುವುದು ಕಡಿಮೆ, ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ಹೆಚ್ಚು.

ನೀವು ಹೇಗೆ ಉಣಿಸುತ್ತೀರಿ ಎಂದು ಬರೆದಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಕಾಣುವುದನ್ನು ಹೇಳುತ್ತೇನೆ, ನಿಮ್ಮಲ್ಲೂ ಹೀಗೆಯೇ ಇದೆಯೇ ನೋಡಿಕೊಳ್ಳಿ. ತಾಯಿ ಕಾಲು ಚಾಚಿ ನೆಲದ ಮೇಲೆ ಕೂರುತ್ತಾಳೆ, ಮಗು ಅವಳ ತೊಡೆಯ ಮೇಲೆ ಅಂಗಾತ. ಕುತ್ತಿಗೆ ಹಿಂದಕ್ಕೆ ಜೋತು ಬಿದ್ದು ಬಾಯಿ ತೆರೆದುಕೊಂಡಿರುತ್ತದೆ. ಕುಚ್ಚಲಕ್ಕಿ ಗಂಜಿಯನ್ನು ಆಳವಾದ ಚಮಚದಲ್ಲಿ ಎತ್ತಿ ಸುರಿಯುತ್ತಾಳೆ. ಇಲ್ಲಿ ಎರಡು ತೊಂದರೆಗಳಿವೆ. ತಲೆ ಹಿಂದಕ್ಕೆ ಬಾಗಿದಾಗ ಶ್ವಾಸನಾಳದ ದಾರಿ ತೆರೆದೇ ಇರುತ್ತದೆ, ಮಗು ನುಂಗುವುದಕ್ಕೆ ಮೊದಲೇ ಆಹಾರ ಅಲ್ಲಿಗೆ ಜಾರುತ್ತದೆ. ಇನ್ನೊಂದು ತೊಂದರೆ ಗಂಜಿಯದೇ. ತಿಳಿ ಬೇರೆ, ಅಗುಳು ಬೇರೆ ಆಗಿರುವ ಗಂಜಿ ನಮಗೆ ಸುಲಭ, ಈ ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟದ ಆಹಾರ. ನಾಲಿಗೆ ಅಗುಳನ್ನು ಹೊಂದಿಸಿಕೊಳ್ಳುವಷ್ಟರಲ್ಲಿ ತಿಳಿ ಗಂಟಲಿಗೆ ಹರಿದುಬಿಟ್ಟಿರುತ್ತದೆ. ನೀರಾದಷ್ಟೂ ನುಂಗಲು ಸುಲಭ ಎಂದು ನಾವು ಭಾವಿಸುತ್ತೇವೆ. ಇವರ ವಿಷಯದಲ್ಲಿ ಅದು ತಿರುಗುಮುರುಗು.

ಅದಕ್ಕೇ ಗಂಜಿಯನ್ನು ಅಗುಳು ಉಳಿಯದಂತೆ ಪೂರ್ತಿ ಅರೆದು ಒಂದೇ ಹದಕ್ಕೆ ತನ್ನಿ. ಚಮಚವನ್ನು ಓರೆ ಮಾಡಿದಾಗ ಹರಿಯಬಾರದು, ಮೆಲ್ಲಗೆ ಒಟ್ಟಾಗಿ ಜಾರಬೇಕು. ಮಿಕ್ಸರ್‌ನಲ್ಲಿ ನೀರು ಹಾಕಿ ತೆಳು ಮಾಡುವ ಬದಲು ಬೇಯಿಸಿದ ಬೇಳೆ, ಮೊಟ್ಟೆಯ ಹಳದಿ, ಮುಳ್ಳು ಬಿಡಿಸಿದ ಬೆಂದ ಮೀನು, ಬಾಳೆಹಣ್ಣು ಇವುಗಳಿಂದ ಗಟ್ಟಿ ಮಾಡಿ. ಮೀನಿನ ಮುಳ್ಳನ್ನು ಕಣ್ಣಿನಿಂದ ನೋಡಿ ಬಿಟ್ಟರೆ ಸಾಲದು, ಬೆರಳಿನಿಂದ ಕಿವುಚಿ ನೋಡಿ. ಪ್ರತಿ ಊಟಕ್ಕೂ ಒಂದು ಸಣ್ಣ ಚಮಚ ತುಪ್ಪ ಅಥವಾ ತೆಂಗಿನ ಎಣ್ಣೆ ಬೆರೆಸಿ. ಅಷ್ಟರಿಂದಲೇ ಸುಮಾರು 45 ಕ್ಯಾಲೊರಿ ಸಿಗುತ್ತದೆ. ಇವನ ಹೊಟ್ಟೆಗೆ ಹಿಡಿಸುವುದು ಸ್ವಲ್ಪವೇ ಆದ್ದರಿಂದ ಆ ಸ್ವಲ್ಪದಲ್ಲೇ ಸತ್ವ ತುಂಬಿಸಬೇಕು. ಮೂರು ದೊಡ್ಡ ಊಟಗಳ ಬದಲು ಐದಾರು ಸಣ್ಣ ಊಟಗಳಾಗಲಿ, ಯಾವುದೂ ಅರ್ಧ ತಾಸು ಮೀರದಿರಲಿ. ಉಳಿದರೆ ಉಳಿಯಲಿ, ಬಿಟ್ಟುಬಿಡಿ. ಒಣ ಅವಲಕ್ಕಿ, ಶೇಂಗಾ, ಹಪ್ಪಳದ ಚೂರು ಯಾರೂ ಅವನ ಬಾಯಿಗೆ ಹಾಕದಂತೆ ಮನೆಗೆ ಬಂದ ನೆಂಟರಿಗೂ ಹೇಳಿಡಿ.

ಉಣಿಸುವಾಗ ಅವನು ಕುಳಿತಿರಬೇಕು, ಗದ್ದ ಸ್ವಲ್ಪ ಎದೆಯ ಕಡೆಗೆ ಬಾಗಿರಬೇಕು. ನೀವು ಅವನ ಎದುರಿಗೆ, ಅವನ ಕಣ್ಣಿನ ಮಟ್ಟಕ್ಕೆ ಅಥವಾ ಇನ್ನೂ ಸ್ವಲ್ಪ ಕೆಳಗೆ ಮಣೆ ಹಾಕಿಕೊಂಡು ಕೂರಿ. ನೀವು ಮೇಲಿದ್ದರೆ ನಿಮ್ಮ ಮುಖ ನೋಡಲು ಅವನು ತಲೆ ಎತ್ತುತ್ತಾನೆ, ಮತ್ತೆ ಕುತ್ತಿಗೆ ಹಿಂದಕ್ಕೆ ಹೋಗುತ್ತದೆ. ಆಳವಿಲ್ಲದ ಚಪ್ಪಟೆ ಚಮಚದಲ್ಲಿ ಅರ್ಧ ಮಾತ್ರ ತೆಗೆದುಕೊಳ್ಳಿ. ನಾಲಿಗೆಯ ನಡುವೆ ಚಮಚ ಇಟ್ಟು ಮೆಲ್ಲಗೆ ಕೆಳಕ್ಕೆ ಒತ್ತಿ, ಅವನು ತುಟಿ ಮುಚ್ಚುವವರೆಗೆ ಕಾದು, ಚಮಚವನ್ನು ನೇರವಾಗಿ ಹೊರಗೆಳೆಯಿರಿ. ಮೇಲಿನ ಹಲ್ಲಿಗೆ ಉಜ್ಜಿ ಸುರಿಯಬೇಡಿ, ಹಾಗೆ ಮಾಡಿದರೆ ತುಟಿಗೆ ಕೆಲಸವೇ ಇರುವುದಿಲ್ಲ. ಒಂದು ತುತ್ತು ಪೂರ್ತಿ ನುಂಗಿದ ಮೇಲೆಯೇ ಇನ್ನೊಂದು. ಊಟವಾದ ಮೇಲೆ ಅರ್ಧ ತಾಸು ಕುಳಿತೇ ಇರಲಿ. ಗಂಡಸರು ಬರುವ ಹೊತ್ತಾಯಿತು, ಅಡುಗೆ ಬಾಕಿ ಇದೆ ಎಂದು ಬೇಗಬೇಗ ತುರುಕುವುದು ಎಲ್ಲ ಮನೆಗಳಲ್ಲೂ ನಡೆಯುತ್ತದೆ. ಹಾಗಾಗಿ ಅವನ ಊಟವನ್ನು ಮನೆಯವರ ಊಟದ ಹೊತ್ತಿನಿಂದ ಬೇರೆ ಮಾಡಿ.

ಉಣ್ಣುವಾಗ ಕೆಮ್ಮು, ಕಣ್ಣಲ್ಲಿ ನೀರು, ಊಟದ ನಂತರ ಗಂಟಲಲ್ಲಿ ಗೊರಗೊರ ಸದ್ದು, ವರ್ಷದಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ ಇವುಗಳಲ್ಲಿ ಯಾವುದಿದ್ದರೂ ಆಹಾರ ಶ್ವಾಸಕೋಶಕ್ಕೆ ಹೋಗುತ್ತಿದೆ ಎಂದು ಅನುಮಾನಿಸಬೇಕು. ಆಗ ಮಣಿಪಾಲ ಅಥವಾ ಹುಬ್ಬಳ್ಳಿಯಂತಹ ಕಡೆ ನುಂಗುವಿಕೆಯ ಪರೀಕ್ಷೆ ಮಾಡಿಸಿ. ಕೆಲವು ಮಕ್ಕಳಿಗೆ ಹೊಟ್ಟೆಗೆ ನೇರವಾಗಿ ನಳಿಕೆ ಇಡಲು ವೈದ್ಯರು ಹೇಳುತ್ತಾರೆ. ಆ ಮಾತು ಕೇಳಿ ಎದ್ದು ಬರಬೇಡಿ. ನಳಿಕೆ ಇಟ್ಟ ಮೇಲೆ ಮೈ ತುಂಬಿಕೊಂಡು ಕೆಮ್ಮು ಕಡಿಮೆಯಾದ ಮಕ್ಕಳಿದ್ದಾರೆ, ರುಚಿಗೆಂದು ಬಾಯಿಗೆ ಎಷ್ಟು ಕೊಡಬಹುದು ಎಂಬುದನ್ನು ಪರೀಕ್ಷೆ ನೋಡಿ ವೈದ್ಯರೇ ಹೇಳುತ್ತಾರೆ. ಇನ್ನೊಂದು ಮಾತು: ನೆಗಡಿಯಾದಾಗ ಮೂಗಿಗೆ, ಗಂಟಲಿಗೆ ಎಣ್ಣೆ ಬಿಡುವ ರೂಢಿಯನ್ನು ಇವನ ಮಟ್ಟಿಗೆ ಪೂರ್ತಿ ನಿಲ್ಲಿಸಿ. ಶ್ವಾಸಕೋಶಕ್ಕೆ ಇಳಿದ ಎಣ್ಣೆ ಅಲ್ಲೇ ಕುಳಿತು ಹಠಮಾರಿ ನ್ಯುಮೋನಿಯಾ ತರುತ್ತದೆ. ಮೈಗೆ ಎಣ್ಣೆ ಹಚ್ಚಿ ಮೆಲ್ಲಗೆ ನೀವುವುದಕ್ಕೆ ಅಡ್ಡಿಯಿಲ್ಲ, ಆದರೆ ಕೈಕಾಲು ಬಿಡಿಸುತ್ತೇನೆ ಎಂದು ಜೋರಾಗಿ ಜಗ್ಗುವ ಅಜ್ಜಿಯರ ಕೈಗೆ ಕೊಡಬೇಡಿ. ಇಂತಹ ಮಕ್ಕಳ ಮೂಳೆ ಬಹಳ ಸೂಕ್ಷ್ಮ, ಮುರಿದೀತು.

ಕೂರದ ಮಗುವನ್ನು ಕೂರಿಸಿ ಉಣ್ಣಿಸುವುದು ಹೇಗೆ ಎಂದು ನೀವು ಕೇಳುತ್ತೀರಿ. ಅದಕ್ಕೆ ಅವನದೇ ಅಳತೆಯ ಕುರ್ಚಿ ಬೇಕು. ಊರಿನ ಆಚಾರಿಯೇ ಪ್ಲೈವುಡ್‌ನಲ್ಲಿ ಮಾಡಿಕೊಡಬಲ್ಲರು, ಅಳತೆ ಸರಿಯಾಗಿರಬೇಕು ಅಷ್ಟೇ. ಮಗನನ್ನು ಕೂರಿಸಿ ಹಿಡಿದು, ಪೃಷ್ಠದ ಹಿಂಬದಿಯಿಂದ ಮಂಡಿಯ ಮಡಿಕೆಯವರೆಗೆ ಅಳೆಯಿರಿ. ಅದರಲ್ಲಿ ಎರಡು ಬೆರಳು ಕಳೆದರೆ ಕುರ್ಚಿಯ ಹಲಗೆಯ ಉದ್ದ. ಅಗಲ ಅವನ ಸೊಂಟಕ್ಕಿಂತ ಎರಡೂ ಕಡೆ ಒಂದೊಂದು ಬೆರಳು ಹೆಚ್ಚು, ಅಷ್ಟೇ. ಮುಂದೆ ಬೆಳೆಯುತ್ತಾನೆ ಎಂದು ದೊಡ್ಡದು ಮಾಡಿಸಿದರೆ ಅದರಲ್ಲಿ ಜಾರಿ ಓರೆಯಾಗುತ್ತಾನೆ, ಬೆನ್ನು ಸೊಟ್ಟಗಾಗುತ್ತದೆ. ಪಾದ ಗಾಳಿಯಲ್ಲಿ ತೂಗಬಾರದು, ಪಾದದ ಹಲಗೆ ಬೇಕು, ಮಂಡಿ ಚೌಕಟ್ಟಾಗಿ ಮಡಚಿರಬೇಕು. ಕಾಲು ಕತ್ತರಿಯಂತೆ ಒಂದರ ಮೇಲೊಂದು ಹೋಗುತ್ತಿದ್ದರೆ ಎರಡು ಮಂಡಿಗಳ ನಡುವೆ ಬಟ್ಟೆ ಸುತ್ತಿದ ಗಟ್ಟಿಯಾದ ಮರದ ತುಂಡು ಇರಲಿ. ಪಟ್ಟಿಯನ್ನು ಹೊಟ್ಟೆಯ ಮೇಲೆ ಕಟ್ಟದೆ, ತೊಡೆ ಮತ್ತು ಸೊಂಟ ಸೇರುವಲ್ಲಿ ಓರೆಯಾಗಿ ಕಟ್ಟಿ. ಬೆನ್ನಿನ ಹಲಗೆ ಸ್ವಲ್ಪ ಹಿಂದಕ್ಕೆ ವಾಲಿರಲಿ, ತಲೆಯ ಎರಡು ಬದಿಗೆ ಸ್ಪಂಜಿನ ಆಸರೆ ಇರಲಿ, ಮುಂದೆ ಮೊಣಕೈ ಮಟ್ಟಕ್ಕೆ ಒಂದು ತಟ್ಟೆ ಹಲಗೆ. ಕೆಳಗೆ ತಡೆಯಿರುವ ನಾಲ್ಕು ಚಕ್ರ ಹಾಕಿಸಿದರೆ ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಅಂಗಳಕ್ಕೆ ನೀವು ಅವನನ್ನು ಎತ್ತಬೇಕಾಗಿಲ್ಲ. ಹೊಸ್ತಿಲಿಗೆ ಓರೆಯ ಹಲಗೆ ಸಾಕು.

ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಅಲಿಮ್ಕೊ ಸಂಸ್ಥೆಯ ಸಾಧನಗಳನ್ನು ಶಿಬಿರಗಳಲ್ಲಿ ಉಚಿತವಾಗಿ ಕೊಡುತ್ತಾರೆ, ಅದರಲ್ಲಿ ಇಂತಹ ಮಕ್ಕಳ ಕುರ್ಚಿಯೂ ಇರುತ್ತದೆ. ಕೊಟ್ಟದ್ದನ್ನು ತೆಗೆದುಕೊಂಡು ಬರುವ ಮೊದಲು ಮಗನನ್ನು ಅದರಲ್ಲಿ ಕೂರಿಸಿ ನೋಡಿ. ದೊಡ್ಡವರ ಗಾಲಿಕುರ್ಚಿ ಕೊಟ್ಟರೆ ಬೇಡ ಎನ್ನಿ, ಅಳತೆಯದನ್ನು ಕೇಳಿ.

ದಿನಕ್ಕೆ ಇಂತಿಷ್ಟು ತಾಸು ಕುರ್ಚಿ ಎಂಬ ಲೆಕ್ಕ ಬೇಡ. ಊಟಕ್ಕೆ ಕುರ್ಚಿ, ಅಕ್ಕ ಓದುವಾಗ ಅವಳ ಪಕ್ಕದಲ್ಲಿ ಕುರ್ಚಿ, ನಡುವೆ ಸ್ವಲ್ಪ ಹೊತ್ತು ಎದೆಯ ಕೆಳಗೆ ದಿಂಬು ಇಟ್ಟು ಬೋರಲು, ಮತ್ತೆ ಒಂದು ಮಗ್ಗುಲು. ಭಂಗಿ ಬದಲಾಗುತ್ತಿರಬೇಕು, ಅದೇ ಅವನ ವ್ಯಾಯಾಮ. ಬಟ್ಟೆ ಹಾಕುವಾಗ ಹೆಚ್ಚು ಬಿಗಿಯಾದ ಕೈಯನ್ನು ಮೊದಲು ತೋಳಿಗೆ ಸೇರಿಸಿ, ತೆಗೆಯುವಾಗ ಆ ಕೈ ಕೊನೆಗೆ.

ನಿಮ್ಮ ಸೊಂಟದ ವಿಷಯಕ್ಕೆ ಬರುತ್ತೇನೆ. ಇಂದು 12 ಕಿಲೋ ಇರುವವನು ಚೆನ್ನಾಗಿ ಉಂಡರೆ 20 ಕಿಲೋ ಆಗುತ್ತಾನೆ, ಆಗಲೇಬೇಕು. ಹಾಗಾಗಿ ಎತ್ತುವ ಕ್ರಮವನ್ನು ಈಗಲೇ ಬದಲಿಸಿ. ಕಂಕುಳಿಗೆ ಕೈ ಹಾಕಿ ಎತ್ತಿದರೆ ಅವನ ಮೈ ಬಿಲ್ಲಿನಂತೆ ಹಿಂದಕ್ಕೆ ಸೆಟೆಯುತ್ತದೆ, ಆ ಸೆಡೆತದ ಭಾರವೆಲ್ಲ ನಿಮ್ಮ ಬೆನ್ನಿಗೆ. ಅವನನ್ನು ಮೊದಲು ಒಂದು ಮಗ್ಗುಲಿಗೆ ಹೊರಳಿಸಿ, ಮಂಡಿ ಮತ್ತು ಸೊಂಟ ಮಡಚಿ, ತಲೆಯನ್ನು ಮುಂದಕ್ಕೆ ತನ್ನಿ. ಮಡಚಿದ ಕೂಡಲೇ ಸೆಡೆತ ಸಡಿಲುವುದು ನಿಮ್ಮ ಕೈಗೇ ತಿಳಿಯುತ್ತದೆ. ಆಮೇಲೆ ಅವನನ್ನು ಎದೆಗೆ ಅವುಚಿಕೊಂಡು, ನಿಮ್ಮ ಮಂಡಿ ಬಗ್ಗಿಸಿ ಏಳಿ. ಚಾಪೆಯಿಂದ ಎತ್ತುವುದನ್ನು ಆದಷ್ಟು ಕಡಿಮೆ ಮಾಡಿ. ಬಟ್ಟೆ ಬದಲಿಸುವುದು, ಒರೆಸುವುದು ನಿಮ್ಮ ಸೊಂಟದ ಎತ್ತರದ ಮಂಚದ ಮೇಲೆ ಆಗಲಿ, ನೀವು ಅತ್ತ ತಿರುಗಿದಾಗ ಅವನು ಉರುಳಿ ಬೀಳದಂತೆ ಬದಿಗೆ ಅಡ್ಡಪಟ್ಟಿ ಇರಲಿ. ಕಾಲಿಗೆ ಜೋಮು ಇಳಿಯುತ್ತಿದ್ದರೆ, ಪಾದದಲ್ಲಿ ಬಲ ಕಡಿಮೆಯಾಗಿದ್ದರೆ, ಮೂತ್ರದ ಹಿಡಿತದಲ್ಲಿ ವ್ಯತ್ಯಾಸ ಕಂಡರೆ ಒಂದು ದಿನವೂ ತಡೆಯದೆ ವೈದ್ಯರಲ್ಲಿಗೆ ಹೋಗಿ.

ಬಚ್ಚಲಿನಲ್ಲಿ ಸೋಪು ಹಚ್ಚಿದ ಮಗುವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ನೀರು ಹೊಯ್ಯುವುದು ಬೆನ್ನು ಮುರಿಯುವ ಕೆಲಸ, ಜಾರಿ ಬಿದ್ದರೆ ಇಬ್ಬರಿಗೂ ಪೆಟ್ಟು. ದುಬಾರಿ ಸ್ನಾನದ ಕುರ್ಚಿಗಳು ಎಂದು ಮಾರುವುದೆಲ್ಲ ಓರೆಯ ಚೌಕಟ್ಟಿಗೆ ಬಿಗಿದ ಜಾಳಿಗೆಯೇ. ನಿಮ್ಮ ಮನೆಯಲ್ಲಿ ಬಲೆಗೆ ಬರವಿಲ್ಲ, ಬಲೆ ಕಟ್ಟುವ ಕೈಗೂ ಬರವಿಲ್ಲ. ಪ್ಲಂಬರ್ ಬಳಸುವ ದಪ್ಪ ಪಿವಿಸಿ ಪೈಪಿನಲ್ಲಿ ಓರೆಯ ಚೌಕಟ್ಟು ಮಾಡಿ, ಸಣ್ಣ ಕಣ್ಣಿನ ಹಳೆಯ ಬಲೆಯನ್ನು ಎರಡು ಪದರ ಬಿಗಿಯಾಗಿ ಕಟ್ಟಿ, ಗಂಟುಗಳು ಚರ್ಮಕ್ಕೆ ಚುಚ್ಚದಂತೆ ಮೇಲೆ ಹತ್ತಿಯ ಬಟ್ಟೆ ಹೊಲಿಯಿರಿ. ಮೊದಲು ಅಷ್ಟೇ ಭಾರದ ಅಕ್ಕಿ ಚೀಲ ಇಟ್ಟು ಪರೀಕ್ಷಿಸಿ. ಅಡ್ಡಲಾಗಿ ಒಂದು ಪಟ್ಟಿ ಕಟ್ಟಿದರೆ ನಿಮ್ಮ ಎರಡು ಕೈಗಳೂ ಬಿಡುವಾಗುತ್ತವೆ.

ಈ ಕೆಲಸ ನಿಮ್ಮ ಯಜಮಾನರದು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಅವರು ಮನೆಯಲ್ಲಿರುತ್ತಾರೆ, ಬಲೆ ರಿಪೇರಿ ಮಾಡುತ್ತಾರೆ. ಅದೇ ದಿನಗಳಲ್ಲಿ ಮಗನಿಗೆ ಉಣಿಸುವುದು, ಎತ್ತುವುದು, ಔಷಧದ ಅಳತೆ ಇವನ್ನೆಲ್ಲ ಕೈಹಿಡಿದು ಕಲಿಸಿ. ಅವರು ಉಣಿಸುವಾಗ ಮೊದಲ ವಾರ ಚೆಲ್ಲುತ್ತದೆ, ಅವನು ಅಳುತ್ತಾನೆ. ನೀವು ಎದ್ದು ಹೋಗಿ ಕಸಿದುಕೊಳ್ಳಬೇಡಿ. ಮಗುವನ್ನು ನೋಡಿಕೊಳ್ಳಬಲ್ಲವರು ಮನೆಯಲ್ಲಿ ಒಬ್ಬರೇ ಇದ್ದರೆ ಅವರಿಗೆ ಒಂದು ಜ್ವರ ಬಂದರೂ ಮಗು ಉಪವಾಸ ಬೀಳುತ್ತದೆ.

ಮಳೆಗಾಲಕ್ಕೆ ಇನ್ನೊಂದು ಸಿದ್ಧತೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾದದ್ದು ನಿಮಗೆ ನೆನಪಿರಬೇಕು. ಶಿರಸಿಗೆ ಹೋಗುವ ದೇವಿಮನೆ ಘಟ್ಟದ ದಾರಿಯೂ ಮಳೆಗಾಲದಲ್ಲಿ ನೆಚ್ಚಿಕೊಳ್ಳುವಂಥದ್ದಲ್ಲ. ಫಿಟ್ಸ್ ಔಷಧವನ್ನು ಒಮ್ಮೆಲೇ ನಿಲ್ಲಿಸಿದರೆ ಎಡೆಬಿಡದೆ ಫಿಟ್ಸ್ ಬರುವ ಅಪಾಯವಿದೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ತಿಂಗಳ ಔಷಧ ಹೆಚ್ಚುವರಿಯಾಗಿ ಮನೆಯಲ್ಲಿರಲಿ, ಚೀಟಿಯ ಫೋಟೋ ನಿಮ್ಮ ಮತ್ತು ಯಜಮಾನರ ಮೊಬೈಲ್ ಎರಡರಲ್ಲೂ ಇರಲಿ. ಫಿಟ್ಸ್ ಬಂದಾಗ ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು, ನೀರು ಕುಡಿಸುವುದು ಯಾವುದೂ ಬೇಡ. ಐದು ನಿಮಿಷಕ್ಕೆ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಮೂಗಿಗೆ ಸಿಂಪಡಿಸುವ ಮಿಡಜೋಲಾಮ್ ಔಷಧವನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದೇ, ಎಷ್ಟು ಸಿಂಪಡಿಸಬೇಕು ಎಂಬುದನ್ನು ನಿಮ್ಮ ವೈದ್ಯರಿಂದ ಬರೆಸಿಕೊಳ್ಳಿ. ಪಟ್ಟಣದಿಂದ ದೂರವಿರುವ ಮನೆಗೆ ಅದು ಬಹಳ ದೊಡ್ಡ ಆಸರೆ.

ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ, ಬೆವರು ಆರುವುದಿಲ್ಲ. ತೊಡೆಸಂದು, ಕುತ್ತಿಗೆಯ ಮಡಿಕೆ, ಮುಚ್ಚಿಕೊಂಡ ಅಂಗೈ ಇವನ್ನು ದಿನಕ್ಕೊಮ್ಮೆ ಬಿಡಿಸಿ ಒರೆಸಿ ನೋಡಿ. ಕಾಲಿಗೆ ಪ್ಲಾಸ್ಟಿಕ್ ಆಸರೆ ಹಾಕುವುದಿದ್ದರೆ ಒಳಗೆ ಹತ್ತಿಯ ಕಾಲುಚೀಲ ಇರಲಿ. ಅದನ್ನು ತೆಗೆದು ಅರ್ಧ ತಾಸಾದರೂ ಕೆಂಪು ಮಾಸದಿದ್ದರೆ ಆಸರೆ ಚಿಕ್ಕದಾಗಿದೆ ಎಂದರ್ಥ.

ಅವನಿಗೆ ಎಲ್ಲ ಅರ್ಥವಾಗುತ್ತದೆ ಎಂದು ಬರೆದಿದ್ದೀರಿ. ನಾನು ಅದನ್ನು ನಂಬುತ್ತೇನೆ, ಮಾತು ಬಾರದಿದ್ದರೂ ತಿಳಿವಳಿಕೆ ಚೆನ್ನಾಗಿರುವ ಮಕ್ಕಳು ಬಹಳ ಇದ್ದಾರೆ. ಅಂಗಿ ಹಾಕುವಾಗ ಎರಡು ಅಂಗಿಗಳನ್ನು ಎಡಕ್ಕೂ ಬಲಕ್ಕೂ ಹಿಡಿದು, ಯಾವುದು ಬೇಕು ಎಂದು ಕೇಳಿ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಅವನ ಕಣ್ಣು ಯಾವ ಕಡೆ ನಿಂತಿತೋ ಅದೇ ಅವನ ಉತ್ತರ, ಅದನ್ನೇ ಹಾಕಿ. ಕೇಳಿದ ಮೇಲೆ ನಿಮಗೆ ಇಷ್ಟವಾದದ್ದನ್ನು ಹಾಕಬೇಡಿ. ಬಾಳೆಹಣ್ಣೋ ಮೊಸರೋ, ಅಂಗಳವೋ ಟಿವಿಯೋ ಎಂದು ದಿನವಿಡೀ ಹೀಗೆ ಕೇಳಬಹುದು. ಇದು ಗಟ್ಟಿಯಾದ ಮೇಲೆ ಚಿತ್ರಗಳ ಹಲಗೆಗೆ ಹೋಗಬಹುದು, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅದಕ್ಕೆ ಮಾರ್ಗದರ್ಶನ ಸಿಗುತ್ತದೆ.

ಶಾಲೆಯ ವಿಷಯವನ್ನು ನೀವು ಬರೆದೇ ಇಲ್ಲ, ಅವನಿಗೆ ಅದು ಇಲ್ಲವೆಂದೇ ತೀರ್ಮಾನಿಸಿಬಿಟ್ಟಿದ್ದೀರೋ ಏನೋ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಅಥವಾ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ತೀವ್ರ ವೈಕಲ್ಯವಿದ್ದರೆ ಗೃಹಾಧಾರಿತ ಶಿಕ್ಷಣವನ್ನೂ ಆರಿಸಿಕೊಳ್ಳಬಹುದು. ಊರಿನ ಶಾಲೆಯಲ್ಲಿ ಹೆಸರು ಹಚ್ಚಿ, ಕುಮಟಾದ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕರನ್ನು ಕೇಳಿ. ಕುರ್ಚಿ ಆದ ಮೇಲೆ ವಾರಕ್ಕೆ ಒಂದೆರಡು ದಿನ, ಒಂದು ತಾಸಿನ ಮಟ್ಟಿಗಾದರೂ ಅವನು ಶಾಲೆಯಲ್ಲಿ ಉಳಿದ ಮಕ್ಕಳ ನಡುವೆ ಇರಲಿ.

ಮಗಳ ಶಾಲೆಯ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಅವಳು ಒಂದು ದಿನವೂ ತಮ್ಮನಿಗಾಗಿ ಶಾಲೆ ಬಿಡಬಾರದು. ಅವನ ಜೊತೆ ಆಡಲಿ, ಪಾಠ ಓದಿ ಹೇಳಲಿ. ಉಣಿಸುವುದು, ತೊಳೆಯುವುದು ಅವಳ ಕೆಲಸ ಆಗಬಾರದು. ಅವಳು ಬಾಯಿಬಿಟ್ಟು ದೂರುವುದಿಲ್ಲ, ಅದಕ್ಕಾಗಿಯೇ ದೊಡ್ಡವರು ಎಚ್ಚರವಾಗಿರಬೇಕು. ವಾರದಲ್ಲಿ ಸ್ವಲ್ಪ ಹೊತ್ತು ಅವಳೊಬ್ಬಳ ಜೊತೆಗೇ ಕಳೆಯಿರಿ.

ಕಾಗದಪತ್ರದ ಕೆಲಸಕ್ಕೆ ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರಿಗೆ ಮೇಲ್ಪಟ್ಟು ತಾಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಮೊದಲು ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ, ಮಿಕ್ಕ ಬಹುಪಾಲು ಸೌಲಭ್ಯಗಳಿಗೆ ಅದೇ ಆಧಾರ. ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ರಕ್ಷಣೆ ಇದೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. ಪ್ರತಿ ವರ್ಷ ನವೀಕರಿಸುವುದನ್ನು ಮರೆಯಬೇಡಿ. ಅವನಿಗೆ 18 ತುಂಬಿದ ಮೇಲೆ ಕಾನೂನಿನ ಪೋಷಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿ ಇದೆ. ಅದಕ್ಕೆ ಇನ್ನೂ ಕಾಲವಿದೆ, ತಿಳಿದಿರಲಿ ಎಂದು ಹೇಳಿದೆ.

ನಿಮ್ಮ ಬಗ್ಗೆ ನೀವು ಸೊಂಟ ಹಿಡಿದುಕೊಂಡಿದೆ ಎಂಬ ಒಂದೇ ಸಾಲು ಬರೆದಿದ್ದೀರಿ. ನಿದ್ದೆ ಎಷ್ಟು, ಊಟ ಯಾವಾಗ, ಕಾರಣವಿಲ್ಲದೆ ಅಳು ಬರುತ್ತದೆಯೇ ಎಂಬುದನ್ನು ಬರೆದಿಲ್ಲ. ರಾತ್ರಿ ಮಗ ಮತ್ತೆ ಮತ್ತೆ ಎದ್ದು ಅಳುತ್ತಿದ್ದರೆ ಅದು ಹಠವಲ್ಲ. ಮಲಬದ್ಧತೆ, ಹುಳಿ ಮೇಲೆ ಬರುವುದು, ಸೊಂಟದ ಕೀಲಿನ ನೋವು ಇವುಗಳಲ್ಲಿ ಒಂದಿರಬಹುದು, ಮೂರಕ್ಕೂ ಚಿಕಿತ್ಸೆ ಇದೆ. ಅವನ ನಿದ್ದೆ ಸರಿಹೋಗದೆ ನಿಮ್ಮ ನಿದ್ದೆ ಸರಿಹೋಗುವುದಿಲ್ಲ. ಯಾವುದರಲ್ಲೂ ಆಸಕ್ತಿಯಿಲ್ಲ, ಬದುಕೇ ಬೇಡ ಎಂದು ಅನ್ನಿಸುವ ದಿನಗಳಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ಇಂತಹ ತಾಯಂದಿರಿಗೆ ಖಿನ್ನತೆ ಬರುವುದು ಸಾಮಾನ್ಯ, ಅದು ಮಗುವಿನ ಮೇಲಿನ ಪ್ರೀತಿಯ ಕೊರತೆಯಲ್ಲ.

ಈ ತಿಂಗಳು ಒಂದೇ ಒಂದು ಆಸ್ಪತ್ರೆ ಪ್ರಯಾಣ ಸಾಧ್ಯವೆಂದರೆ ಕಾರವಾರಕ್ಕೆ ಹೋಗಿ, ವೈದ್ಯಕೀಯ ಕಾಲೇಜಿನ ಜಿಲ್ಲಾಸ್ಪತ್ರೆಯಲ್ಲಿ ಮಕ್ಕಳ ವೈದ್ಯರಿಗೂ ಮೂಳೆ ವೈದ್ಯರಿಗೂ ತೋರಿಸಿ. ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್‌ನಲ್ಲಿ ಶಕ್ತಿ ಯೋಜನೆಯಡಿ ನೀವು ಟಿಕೆಟ್‌ಗೆ ಹಣ ಕೊಡಬೇಕಿಲ್ಲ. ಎರಡು ಸೊಂಟದ ಕೀಲುಗಳ ಎಕ್ಸ್‌ರೇ ತೆಗೆಸಲು ಕೇಳಿ. ನಿಲ್ಲದ, ನಡೆಯದ ಮಕ್ಕಳಲ್ಲಿ ತೊಡೆಮೂಳೆಯ ಗುಂಡು ಮೆಲ್ಲಮೆಲ್ಲನೆ ಗೂಡಿನಿಂದ ಜಾರುತ್ತದೆ, ಹೊರಗಿನಿಂದ ಗೊತ್ತಾಗುವುದಿಲ್ಲ. ಬೇಗ ಕಂಡರೆ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯಬಹುದು, ಪೂರ್ತಿ ಜಾರಿದ ಮೇಲೆ ನೋವು ಅವನ ಜೀವನವಿಡೀ ಉಳಿಯಬಹುದು. ಇದನ್ನು ಆರು ತಿಂಗಳಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ ನೋಡಿಸುತ್ತಿರಬೇಕು. ಅವನ ತೂಕವನ್ನು ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ನೋಡಿ ಬರೆದಿಡಿ: ಅಂಗನವಾಡಿಯಲ್ಲಿ ನೀವು ಅವನನ್ನು ಎತ್ತಿಕೊಂಡು ನಿಂತು, ಆಮೇಲೆ ನಿಮ್ಮ ತೂಕ ಕಳೆದರೂ ಸಾಕು. ಮೂರು ತಿಂಗಳ ಆ ಮೂರು ಅಂಕಿಗಳನ್ನೂ ಎಕ್ಸ್‌ರೇಯ ವರದಿಯನ್ನೂ ಉಣಿಸಲು ಈಗ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನೂ ನನಗೆ ಬರೆದು ಕಳಿಸಿ. ತೂಕ ಏರದಿದ್ದರೆ ಮೂರು ತಿಂಗಳು ಕಾಯದೆ ಮೊದಲೇ ಬರೆಯಿರಿ.